ಪಟ್ಟಿಯಲ್ಲಿ ಐದು ಹೆಸರು

ಪಕ್ಕೀರಮ್ಮನನ್ನು ನಮ್ಮ ಹಾಸ್ಟೆಲಿನ ಅಡುಗೆ ಕೆಲಸದಿಂದ ಬಿಡಿಸಿದ್ದು ಒಂದೇ ಮಾತಿಗೆ. ತಪಾಸಣೆಗೆ ಬಂದ ಅಧಿಕಾರಿ ಸಾರು ಇಷ್ಟು ನೀರಾಗಿದೆಯಲ್ಲ ಎಂದಾಗ, ಎಂಬತ್ತು ಹುಡುಗರಿಗೆ ಎರಡು ಕೇಜಿ ಬೇಳೆ ಕೊಟ್ಟರೆ ಇನ್ನೇನಾಗುತ್ತದೆ ಎಂದು ವಾರ್ಡನ್ ಮರುಳಪ್ಪನ ಎದುರಿಗೇ ಆಕೆ ಹೇಳಿದ್ದಳು. ಮರುದಿನ ಬೇರೆ ಹೆಂಗಸು ಒಲೆ ಹಚ್ಚಿದ್ದಳು. ಬೇಳೆ ಕದ್ದು ಸಿಕ್ಕಿಬಿದ್ದಳೆಂದು ಮರುಳಪ್ಪ ಊರಿಗೆಲ್ಲ ಹೇಳಿದ. ಆಮೇಲೆ ಹಗರಿಬೊಮ್ಮನಹಳ್ಳಿಯಲ್ಲಿ ಯಾರೂ ಆಕೆಯನ್ನು ಅಡುಗೆಗೆ ಕರೆಯಲಿಲ್ಲ.

ನಮ್ಮ ರೂಮಿನ ಬಾಗಿಲಿಗೆ ಬಂದು ಆಕೆ ಕೇಳಿದ್ದು ಇಷ್ಟೇ. "ತಮ್ಮಾ, ನಾ ಕದ್ದಿಲ್ಲಂತ ನಾಕು ಮಂದಿ ಮುಂದ ಹೇಳಬೇಕು."

ನಾನು, ನನ್ನ ರೂಮಿನ ಗಂಗಾಧರ ಚರ್ಚಾಸ್ಪರ್ಧೆಯಲ್ಲಿ ಕಪ್ ಗೆದ್ದವರು. ಧರಣಿ ಮಾಡೋಣವೆಂದು ಹಾರಾಡಿದೆವು. ಹಾಸ್ಟೆಲ್ ಲೈಬ್ರರಿಯ ಹರಿದ ಸಂವಿಧಾನದಿಂದ ವಾಕ್ ಸ್ವಾತಂತ್ರ್ಯದ ಹತ್ತೊಂಬತ್ತನೇ ವಿಧಿಯನ್ನು ಮನವಿಯ ಮೊದಲ ಸಾಲಿಗೇ ಇಳಿಸಿದೆ. ಪೊಲೀಸರು ಅನುಮತಿ ಕೊಟ್ಟರು. ಬಸ್ ನಿಲ್ದಾಣದ ಎದುರು, ಹನ್ನೊಂದರಿಂದ ಹನ್ನೆರಡು, ಒಂದೇ ಮೈಕು. ಭಾಷಣಕಾರರ ಪಟ್ಟಿ ಮೊದಲೇ ಕೊಡಬೇಕು, ಬೇರೆಯವರು ಮಾತಾಡಿದರೆ ಸಹಿ ಮಾಡಿದವನ ಮೇಲೆ ಕೇಸು. ಯಾರು ಮೊದಲು ಮಾತಾಡಬೇಕೆಂದು ರಾತ್ರಿ ಊಟದವರೆಗೆ ಜಗಳಾಡಿ ಐದು ಹೆಸರು ಬರೆದೆವು. ಸಹಿ ನಾನು ಮಾಡಿದೆ.

ಧರಣಿಯಲ್ಲಿ ನಾನು ಹದಿನೈದು ನಿಮಿಷ ಮಾತಾಡಿದೆ, ಗಂಗಾಧರ ಇಪ್ಪತ್ತು. ಉಳಿದ ಮೂವರೂ ಬಿಡಲಿಲ್ಲ. ಬಸ್ಸಿಗೆ ಕಾದವರು ಶೇಂಗಾ ತಿನ್ನುತ್ತ ಕೇಳಿದರು. ಕಂಬಳಿ ಹೊದ್ದ ಮುದುಕನೊಬ್ಬ ನಾವು ಯಾವ ಪಾರ್ಟಿಯವರೆಂದು ಪಕ್ಕದವನನ್ನು ವಿಚಾರಿಸಿದ.

ಹನ್ನೆರಡಕ್ಕೆ ಐದು ನಿಮಿಷವಿದ್ದಾಗ, ನಮ್ಮ ಹಿಂದೆ ಕೂತಿದ್ದ ಪಕ್ಕೀರಮ್ಮ ಎದ್ದು ಸೆರಗು ಸರಿಮಾಡಿಕೊಂಡು ಮೈಕಿಗೆ ಕೈ ಚಾಚಿದಳು. ಬಂದೋಬಸ್ತಿಗಿದ್ದ ದಫೇದಾರ ಪಾಲಣ್ಣ ಪಟ್ಟಿ ಬಿಚ್ಚಿದ.

"ಈಕಿ ಹೆಸರೆಲ್ಲೈತಿ?"

ಐದೂ ಹೆಸರು ನನ್ನ ಅಕ್ಷರದಲ್ಲೇ ಇದ್ದವು. ಆಕೆಯದಿರಲಿಲ್ಲ. ಬರೆಯಬೇಕೆಂದು ಒಬ್ಬರಿಗೂ ಹೊಳೆದಿರಲಿಲ್ಲ. ಆಕೆಯ ಬಗ್ಗೆ ಮಾತಾಡುವವರು ನಾವು ತಾನೆ.

"ಎರಡ ಮಾತು, ಬಿಡ್ರಿ ಸಾರ್," ಎಂದೆ.

"ಆಡಸು, ನಂದೇನೈತಿ. ನಾಳಿ ನೌಕರಿ ಸಿಕ್ಕರ ನಿನ್ನ ಗುಣ ನಡತಿ ಕೇಳಿ ಕಾಗದ ನಮ್ಮ ಸ್ಟೇಷನ್ನಿಗೇ ಬರತೈತಿ."

ಗಂಗಾಧರ ತನ್ನ ಚಪ್ಪಲಿ ನೋಡುತ್ತ ನಿಂತ. ಇಬ್ಬರೂ ಸರ್ಕಾರಿ ಮಾಸ್ತರಿಕೆಗೆ ಅರ್ಜಿ ಹಾಕಿದ್ದೆವು. ಪಕ್ಕೀರಮ್ಮ ನನ್ನನ್ನೇ ನೋಡುತ್ತಿದ್ದಳು.

"ಕುಂದರಕ್ಕ, ಇನ್ನೊಮ್ಮಿ ಮಾತಾಡುವಂತಿ," ಎಂದೆ. ಮೈಕು ಆರಿಸಿರಲಿಲ್ಲ. ನನ್ನ ಮಾತು ಇಡೀ ನಿಲ್ದಾಣಕ್ಕೆ ಕೇಳಿತು.

ಆಕೆ ಕೂರಲಿಲ್ಲ. ಮೈಕಿಲ್ಲದೆಯೇ ಮಂದಿಯ ಕಡೆ ತಿರುಗಿ ಹೇಳತೊಡಗಿದಳು. ಅಷ್ಟರಲ್ಲಿ ಹಡಗಲಿ ಬಸ್ಸು ಬಂತು. ಎಲ್ಲರೂ ಕಿಟಕಿಯಿಂದ ಸೀಟಿಗೆ ಟವೆಲ್ ಎಸೆಯಲು ಓಡಿದರು. ಆಕೆ ಖಾಲಿ ಜಾಗಕ್ಕೆ ಇನ್ನೂ ಒಂದು ಮಾತು ಹೇಳಿ, ನಮ್ಮತ್ತ ನೋಡದೆ ಹೋದಳು.

ಸೀಟು ಹಿಡಿದ ಕಂಬಳಿಯ ಮುದುಕ ಕಿಟಕಿಯಿಂದ ನನ್ನನ್ನು ಕೇಳಿದ. "ಬ್ಯಾಳಿ ಕದ್ದಾಕಿ ಅಂದ್ರ ಈಕೀನಾ?"

ಅಲ್ಲ ಎನ್ನಲು ಮೈಕು ಎತ್ತಿದೆ. ಹನ್ನೆರಡಾಗಿತ್ತು. ಪಾಲಣ್ಣ ಆಗಲೇ ವೈರು ಕಿತ್ತಿದ್ದ.