ಮರದ ಮೇಲೆ ಯಾರು?

ತಮ್ಮನ ಗೋರಿಯ ಅಂಚಿಗೆ ಕೊನೆಯ ಹವಳದ ಕಲ್ಲನ್ನು ಒತ್ತಿ ಕೂರಿಸುತ್ತಿದ್ದ ಬೌರೊನ ಬೆನ್ನ ಹಿಂದೆ ತಮ್ಮನ ಹೆಂಡತಿ ಮೀರೆ ಬಂದು ನಿಂತಳು. ಕೈಯಲ್ಲಿ ಗಂಡನ ಕತ್ತಿ ಇತ್ತು.

“ಭಾವ, ಹೊತ್ತು ಇಳೀತಾ ಇದೆ. ಮರ ಯಾರು ಹತ್ತೋದು?”

“ಇವತ್ತೂನಾ?”

“ನಿನ್ನೆ ಸಂಜೆಯಿಂದ ಯಾರೂ ಕೆತ್ತಿಲ್ಲ. ಇದೊಂದು ಹೊತ್ತು ತಪ್ಪಿದ್ರೆ ಹೊಂಬಾಳೆ ಒಣಗಿ ಕಡ್ಡಿ ಆಗುತ್ತೆ. ಆಮೇಲೆ ಮೊಮ್ಮಗೂಗೆ ನೀರಾ ಎಲ್ಲಿಂದ ತರಲಿ? ಬಾವಿಯ ಉಪ್ಪುನೀರು ಕುಡಿಸಲಾ?”

ಮರಾಕೆಯಿ ದ್ವೀಪದಲ್ಲಿ ಒಂದು ಮನೆಯ ತೆಂಗನ್ನು ಆ ಮನೆಯ ಗಂಡಸರೇ ಹತ್ತಬೇಕು. ತೀರಿಕೊಂಡ ತಮ್ಮ ತವಿತನಿಗೆ ಗಂಡುಮಕ್ಕಳಿಲ್ಲ, ಅಳಿಯ ಹಡಗಿನ ಕೆಲಸಕ್ಕೆ ಹೋಗಿದ್ದಾನೆ. ನಿನ್ನೆ ಮಧ್ಯಾಹ್ನ ಚಾಪೆಯ ಮೇಲೆ ಒರಗಿದ ತವಿತ ಮತ್ತೆ ಏಳಲಿಲ್ಲ. ಈಗ ಉಳಿದವನು ಅಣ್ಣನೊಬ್ಬನೇ. ಬೌರೊನಿಗೆ ಅರವತ್ತೆರಡು. ಇಗರ್ಜಿಯಲ್ಲಿ ಬೈಬಲ್ ಓದುವವನು, ಮರ ಹತ್ತದೆ ಹದಿನೈದು ವರ್ಷವಾಗಿತ್ತು.

ಚಪ್ಪರದಡಿ ಊಟಕ್ಕೆ ಕೂತಿದ್ದ ಊರೆಲ್ಲ ಇತ್ತಲೇ ನೋಡುತ್ತಿತ್ತು. ಪಕ್ಕದ ಮನೆಯ ಕಬೂತಾ ಅಜ್ಜಿ ಮೀನಿನ ಮುಳ್ಳು ತೆಗೆಯುತ್ತಾ ಹೇಳಿದಳು: “ಹತ್ತೋಕೇನು, ಹತ್ತಿಬಿಡ್ತಾನೆ. ಮೇಲೆ ಹೋದ್ಮೇಲೆ ಹಾಡ್ಬೇಕಲ್ಲ, ಅದಕ್ಕೆ ಹೆದರಿಕೆ ಇವನಿಗೆ.”

ಮುದುಕಿ ಸರಿಯಾಗಿಯೇ ಹಿಡಿದಿದ್ದಳು.

*

ಮರದ ಮೇಲಿದ್ದವನು ಹಾಡುತ್ತಿರಬೇಕು. ಕೆಳಗೆ ಹೆಂಗಸರು ಮೈ ತೊಳೆಯುತ್ತಿರುತ್ತಾರೆ, ಗಂಡಹೆಂಡಿರು ಜಗಳವಾಡುತ್ತಿರುತ್ತಾರೆ. ಮೇಲೊಬ್ಬನಿದ್ದಾನೆಂದು ಅವರಿಗೆ ತಿಳಿಯಬೇಕು. ಮಿಕ್ಕವರು ಅಜ್ಜಂದಿರ ಹಾಡನ್ನೋ ಇಗರ್ಜಿಯ ಹಾಡನ್ನೋ ಹಾಡುತ್ತಿದ್ದರು. ತವಿತ ಮಾತ್ರ ಕಣ್ಣಿಗೆ ಬಿದ್ದದ್ದನ್ನೇ, ಒಡೆದ ಶಂಖದಂಥ ಗಂಟಲಲ್ಲಿ, ಹಾಡುತ್ತಿದ್ದ. ಯಾರ ಸೂರು ಸೋರುತ್ತಿದೆ, ಯಾರ ಬಲೆಗೆ ಮೀನು ಬಿದ್ದಿದೆ, ಎಲ್ಲ ಅದರಲ್ಲಿ ಬರುತ್ತಿತ್ತು.

ಒಮ್ಮೆ ಬಿಷಪ್ಪರು ದೋಣಿಯಿಂದ ಇಳಿದಾಗ, ಹೂಮಾಲೆ ಹಿಡಿದು ಬಾಗಿದ ಬೌರೊನ ನೆತ್ತಿಯ ಮೇಲಿಂದ ಕೇಳಿಸಿತು: “ಅಣ್ಣನ ಲುಂಗಿ ಹಿಂದೆ ಹರಿದಿದೆ, ಅಣ್ಣನಿಗೇ ಗೊತ್ತಿಲ್ಲ.”

ಮೊದಲು ನಕ್ಕವರು ಬಿಷಪ್ಪರೇ. ಬೌರೊ ನಗಲಿಲ್ಲ.

“ನಾಲ್ಕು ಜನರ ಹಾಗೆ ಹಾಡೋಕೆ ಏನು ರೋಗ ನಿನಗೆ?” ಎಂದು ಅಂದು ಸಂಜೆ ತಮ್ಮನನ್ನು ಹಿಡಿದು ಬೈದ.

ತವಿತ ಎರಡು ದಿನ ನಾಲ್ಕು ಜನರ ಹಾಗೆಯೇ ಹಾಡಿದ. ಮೂರನೆಯ ದಿನ ಕರಟದ ತುಂಬ ನೀರಾ ತಂದು ಅಣ್ಣನ ಮುಂದಿಟ್ಟ.

“ಆಗಲ್ಲ ಕಣಣ್ಣ. ಮೀರೆನೇ ಕೆಳಗಿಂದ ‘ಯಾರದು ಮೇಲೆ’ ಅಂತ ಕೂಗ್ತಾಳೆ. ಮೇಲಿರೋದು ನಾನು ಅಂತ ಕಟ್ಕೊಂಡವಳಿಗೇ ತಿಳೀದಿದ್ರೆ ಹಾಡಿ ಏನು ಬಂತು?”

ಬೌರೊ ನೀರಾ ಕುಡಿದ. ಖಾಲಿ ಕರಟವನ್ನು ತಮ್ಮನ ಕೈಗೆ ಕೊಟ್ಟ.

*

ಸಾವಿನ ಮನೆಗೆಂದು ಉಟ್ಟ ಒಳ್ಳೆಯ ಲುಂಗಿ, ಬಿಳಿ ಅಂಗಿಯಲ್ಲೇ ಬೌರೊ ಮರ ತಬ್ಬಿದ. ಕಾಂಡದಲ್ಲಿ ತಮ್ಮ ಕೆತ್ತಿದ ಮೆಟ್ಟುಗಳು ತಮ್ಮನ ಗಿಡ್ಡ ಕಾಲಿನ ಅಳತೆಯವು. ಅರ್ಧಕ್ಕೆ ಹೋದಾಗ ಎಲ್ಲೋ ಚರ್ರೆಂದಿತು. ತಿರುಗಿ ನೋಡುವಷ್ಟು ಧೈರ್ಯವಿರಲಿಲ್ಲ.

ಮೇಲೆ, ಹಗ್ಗ ಸುತ್ತಿ ಬಗ್ಗಿಸಿದ ಹೊಂಬಾಳೆಯ ತುದಿ ಕಂದಿತ್ತು. ತೆಳ್ಳಗೆ ಒಂದು ಪದರ ಕೆತ್ತಿದ. ಏನೂ ಬರಲಿಲ್ಲ. ಇನ್ನೊಂದು ಕೆತ್ತಿದ.

“ಯಾರಪ್ಪಾ ಮೇಲೆ?” ಕಬೂತಾ ಬಾವಿಕಟ್ಟೆಯಿಂದ ಕೂಗಿದಳು. “ನಾನು ಮೈ ತೊಳೀಬೇಕು. ಬಾಯಿ ಬಿಡು.”

ಬೌರೊ ಇಗರ್ಜಿಯ ಹಾಡೊಂದನ್ನು ಎತ್ತಿಕೊಂಡ. ಕಂಠ ಚೆನ್ನಾಗಿಯೇ ಇತ್ತು. ಕೆಳಗೆ ಜನ ತಲೆ ತಗ್ಗಿಸಿದರು, ಮೀರೆ ಇನ್ನೂ ತಗ್ಗಿಸಿದಳು. ಎರಡು ಸಾಲಿಗೆ ಹಾಡು ನಿಂತಿತು.

ಹದಿನೈದು ವರ್ಷದ ಮೇಲೆ ಅವನು ಮೇಲಿಂದ ನೋಡುತ್ತಿದ್ದ. ಒಂದು ಕಡೆ ಸಮುದ್ರ, ಇನ್ನೊಂದು ಕಡೆ ತಿಳಿಹಸಿರಿನ ಹಿನ್ನೀರು, ನಡುವೆ ಬೆಳ್ಳಗೆ ತಮ್ಮನ ಗೋರಿ. ಚಪ್ಪರದ ಹಿಂದೆ, ನಾಳೆಗೆಂದು ಮುಚ್ಚಿಟ್ಟ ದೀವಿಹಲಸಿನ ಬುಟ್ಟಿಗೆ ಒಂದು ಹಂದಿ ಮೂತಿ ತೂರಿಸಿತ್ತು. ಕೊರಳಲ್ಲಿ ಕಿತ್ತ ಹಗ್ಗ.

ಬೌರೊ ಗಂಟಲು ಸರಿಮಾಡಿಕೊಂಡ.

“ಕಬೂತಾ ಅಜ್ಜಿಯ ಹಂದಿಗೆ,” ಎಂದು ರಾಗ ಎಳೆದ, “ಊಟಕ್ಕೆ ಯಾರೂ ಕರೀಲಿಲ್ಲ. ಪಾಪ, ತಾನೇ ಬಡಿಸ್ಕೊಂಡು ಹಿಂದೆ ಕೂತು ತಿಂತಿದೆ.”

ಊಟಕ್ಕೆ ಕೂತವರು ಹಿಂದಕ್ಕೆ ತಿರುಗಿ ನೋಡಿದರು. ಆಮೇಲೆ ನಗುವಿಗೆ ಚಪ್ಪರವೇ ಕುಲುಕಿತು. ಮಕ್ಕಳು ಹಂದಿಯ ಹಿಂದೆ ಓಡಿದರು. ಮೀರೆ ಮೊಮ್ಮಗುವನ್ನು ಸೊಂಟಕ್ಕೆ ಏರಿಸಿಕೊಂಡು ತಲೆ ಎತ್ತಿದಳು. ಕೆನ್ನೆ ಒದ್ದೆ, ಬಾಯಿ ತುಂಬ ನಗು. “ಯಾರದು ಮೇಲೆ?” ಎಂದು ಕೂಗಿದಳು, ದಿನವೂ ಗಂಡನನ್ನು ಕೆಣಕುತ್ತಿದ್ದ ಧಾಟಿಯಲ್ಲೇ.

“ತವಿತನ ಅಣ್ಣ ಕಣಮ್ಮಾ,” ಎಂದು ಮೇಲಿಂದ ಹಾಡು ಬಂತು.

ಹೊಂಬಾಳೆಯ ತುದಿಯಲ್ಲಿ ಒಂದು ಹನಿ ಮೂಡಿ, ದಪ್ಪಗಾಗಿ, ಕೆಳಗೆ ಕಟ್ಟಿದ್ದ ಕರಟದೊಳಗೆ ಬಿತ್ತು. ಹಿಂದೆಯೇ ಇನ್ನೊಂದು.

ಕಬೂತಾ ಕೋಲು ಊರಿಕೊಂಡು ಮರದ ಬುಡಕ್ಕೇ ಬಂದಳು. ಕಣ್ಣಿಗೆ ಕೈ ಅಡ್ಡ ಹಿಡಿದು ಮೇಲೆ ನೋಡಿ, ಊರಿಗೆಲ್ಲ ಕೇಳುವಂತೆ ರಾಗ ತೆಗೆದಳು: “ಅಣ್ಣನ ಲುಂಗಿ ಹಿಂದೆ ಹರಿದಿದೆ…”

“ಅಣ್ಣನಿಗೇ ಗೊತ್ತಿಲ್ಲ,” ಎಂದು ಇಡೀ ಚಪ್ಪರ ದನಿಗೂಡಿಸಿತು.

ಬೌರೊನ ಒಂದು ಕೈಯಲ್ಲಿ ಕತ್ತಿ, ಇನ್ನೊಂದರಲ್ಲಿ ಹೊಂಬಾಳೆ. ಗಾಳಿಗೆ ಹರಿದ ಲುಂಗಿ ಪಟಪಟ ಹಾರುತ್ತಿತ್ತು. ಅವನು ಮುಂದಿನ ಸಾಲನ್ನು ಇನ್ನೂ ಎತ್ತರದ ದನಿಯಲ್ಲಿ ಹಿಡಿದ.