ರೇಡಿಯೋ ಅಕ್ಕ ಸುಮ್ಮನಾದದ್ದು

ಬೆಳಗಿನ ಹೊತ್ತು ಆ ಗಾಜಿನ ಮನೆಯೊಳಗೆ ಎಲ್ಲವೂ ಅರೆನಿದ್ದೆಯಲ್ಲಿ ಕಂಡಂತೆ ಕಾಣುತ್ತಿತ್ತು. ಗಾಜಿಗೆಲ್ಲ ಮಂಜು ಕಟ್ಟಿ, ಬಿಸಿಲು ಹಾಲಿನ ಹಾಗೆ ಒಳಗೆ ಇಳಿಯುತ್ತಿತ್ತು. ಸುತ್ತಲ ಗುಡ್ಡಗಳಿಂದ ಆಯ್ದು ತಂದ ಕಾಡುಹೂಗಳ ಬೀಜವನ್ನು ಇಲ್ಲಿ ಬಿತ್ತಿ, ಸಸಿ ಮಾಡಿ, ಗುಡ್ಡ ಬೋಳಾದ ಕಡೆಗೆ ಮತ್ತೆ ಕಳಿಸುತ್ತಿದ್ದರು. ಕೆಲಸದ ಹೆಂಗಸರ ಕೈ ಮಣ್ಣಿನಲ್ಲಿ, ಕಿವಿ ಮಾತ್ರ ರೇಡಿಯೋ ಅಕ್ಕನ ಕಡೆ.

ಊರಿನ ಸುದ್ದಿಯೆಲ್ಲ ಅವಳ ಬಾಯಿಂದಲೇ ಬಿತ್ತರವಾಗುತ್ತಿದ್ದುದರಿಂದ ಬಂದ ಹೆಸರು ಅದು. ಕೆಟ್ಟವಳಲ್ಲ, ಯಾರಿಗಾದರೂ ಜ್ವರ ಬಂದರೆ ಮೊದಲು ಬಾಗಿಲು ತಟ್ಟುವವಳೂ ಅವಳೇ. ಆದರೆ ಕಂಡದ್ದನ್ನು ಹೊಟ್ಟೆಯಲ್ಲಿ ಇಟ್ಟುಕೊಂಡು ಗೊತ್ತಿಲ್ಲ. ಗುಲಗಂಜಿಯಷ್ಟಿದ್ದುದು ಅವಳ ನಾಲಿಗೆಯ ಮೇಲೆ ಗುಡ್ಡವಾಗುತ್ತಿತ್ತು.

ಹೊಸಬಳೊಬ್ಬಳು ಕೆಲಸಕ್ಕೆ ಸೇರಿದ್ದಳು. ಒಂಟಿ ಹೆಂಗಸು, ಮಾತು ಕಡಿಮೆ. ಒಂದು ಸಂಜೆ ಗೇಟಿನ ಬಳಿ ಯಾರೋ ಗಂಡಸು ಅವಳ ಕೈಗೆ ಗಂಟೊಂದನ್ನು ಕೊಟ್ಟ. ಅವಳು ಅವನ ಹೆಗಲಿಗೆ ಒರಗಿ ಅತ್ತಳು. ರೇಡಿಯೋ ಅಕ್ಕ ಕಂಡದ್ದು ಅಷ್ಟೇ.

“ಗಂಡನ್ನ ಬಿಟ್ಟು ಬಂದಿರೋಳು ಕಣ್ರೇ. ಇವನು ಬೇರೆಯವನು,” ಎಂದಳು.

ಮಾತು ಗಾಜಿನ ಮನೆ ದಾಟಿ ಊರು ಸುತ್ತಿತು.

ಕೆಲವು ದಿನಗಳ ಮೇಲೆ ರೇಡಿಯೋ ಅಕ್ಕನಿಗೂ ಹೊಸಬಳಿಗೂ ಒಳಕೋಣೆಯಲ್ಲಿ ಕೆಲಸ ಬಿತ್ತು. ಅಲ್ಲಿ ಬಿತ್ತುವ ಬೀಜ ಧೂಳಿನಷ್ಟು ಸಣ್ಣದು. ಮರಳಿನಲ್ಲಿ ಬೆರೆಸಿ ಟ್ರೇಗಳ ಮಣ್ಣಿನ ಮೇಲೆ ಉದುರಿಸಬೇಕು. ಮಾತಾಡಿದರೆ ಉಸಿರಿಗೇ ಹಾರಿಹೋಗುತ್ತದೆ. ರೇಡಿಯೋ ಅಕ್ಕನಿಗೆ ಮೊದಲು ಬಾಯಿಗೆ ಬಟ್ಟೆ ತುರುಕಿದಂತಾಯಿತು. ಹೊತ್ತು ಸರಿದಂತೆ ಆ ಮೌನ ಬೆಚ್ಚನೆಯ ನೀರಿನಂತೆ ಮೈಗೆ ಹಿತವಾಯಿತು. ಗಾಜಿನಿಂದ ಹನಿ ಜಾರುವ ಸದ್ದು, ಒದ್ದೆ ಮಣ್ಣಿನ ವಾಸನೆ, ಎದುರಿಗೆ ಮರಳು ಉದುರಿಸುತ್ತಿದ್ದ ತೆಳ್ಳನೆಯ ಬೆರಳುಗಳು. ತಾನೆಲ್ಲಿದ್ದೇನೆಂಬುದೇ ಅವಳಿಗೆ ಮರೆತುಹೋಯಿತು.

ಕೊನೆಯ ಟ್ರೇ ಮುಗಿದಾಗ ಹೊಸಬಳೇ ಬಾಯಿಬಿಟ್ಟಳು. “ಅಕ್ಕಾ, ನಿಮಗೆ ಊರೆಲ್ಲ ಪರಿಚಯ. ಎಲ್ಲಾದ್ರೂ ಒಂದು ರೂಮು ಸಿಗುತ್ತಾ ನೋಡ್ತೀರಾ?”

“ಈಗಿರೋದಕ್ಕೆ ಏನಾಯ್ತು?”

“ಖಾಲಿ ಮಾಡು ಅಂದಿದಾರೆ. ನನ್ನ ಬಗ್ಗೆ ಯಾರೋ ಏನೋ ಹೇಳಿದಾರಂತೆ. ಅವತ್ತು ಗೇಟಿನ ಹತ್ರ ಬಂದಿದ್ದು ನನ್ನ ತಮ್ಮ. ಅಮ್ಮ ಹೋಗಿಬಿಟ್ಲು ಅಂತ ಹೇಳೋಕೆ ಬಂದಿದ್ದ. ಅವಳ ಶಾಲು ತಂದುಕೊಟ್ಟ.”

ರೇಡಿಯೋ ಅಕ್ಕ ಕೈಯ ಮರಳು ಕೊಡವಿ ಎದ್ದಳು.

ಸಂಜೆ ನೆಟ್ಟಗೆ ಹೊಸಬಳು ಬಾಡಿಗೆಗಿದ್ದ ಮನೆಯೊಡತಿಯ ಬಾಗಿಲಿಗೆ ಹೋದಳು.

“ನನಗೂ ಬೆಳೆದ ಹೆಣ್ಣುಮಕ್ಕಳಿದಾರೆ,” ಎಂದಳು ಮನೆಯೊಡತಿ. “ನಾಳೆ ಜನ ನಮ್ಮನ್ನೂ ಆಡ್ಕೊಳ್ತಾರೆ. ಬೆಂಕಿ ಇಲ್ದೆ ಹೊಗೆ ಏಳುತ್ತಾ?”

“ಬೆಂಕಿ ಹಚ್ಚಿದೋಳು ನಾನೇ ಕಣಮ್ಮಾ. ಬಂದಿದ್ದೋನು ಅವಳ ಒಡಹುಟ್ಟಿದ ತಮ್ಮ. ಯಾರಾದ್ರೂ ಆಡ್ಕೊಂಡ್ರೆ ನನ್ನ ಹತ್ರ ಕಳಿಸಿ.”

“ಹಾಗಾದ್ರೆ ಇರ್ಲಿ ಬಿಡಿ,” ಎಂದಳು ಮನೆಯೊಡತಿ.

ಮರುದಿನ ಎಲ್ಲ ಹೆಂಗಸರ ಎದುರಿಗೇ ರೇಡಿಯೋ ಅಕ್ಕ ಹೇಳಿದಳು, “ಇವಳ ಬಗ್ಗೆ ನಾನು ಹೇಳಿದ್ದೆಲ್ಲ ಸುಳ್ಳು. ಇವಳಿಗೆ ಮನೆ ತಪ್ಪಿಸೋಕೆ ಹೊರಟಿದ್ದು ನನ್ನ ಈ ನಾಲಿಗೆ.”

ಯಾರೂ ತಲೆಯೆತ್ತಲಿಲ್ಲ. ಹೊಸಬಳು ಕೈಯಲ್ಲಿದ್ದ ನೀರಿನ ಡಬ್ಬವನ್ನು ಕೆಳಗಿಟ್ಟು ಹೊರಗೆ ನಡೆದಳು. ಮಂಜು ಕಟ್ಟಿದ ಗಾಜಿನಾಚೆ ಅವಳ ಆಕಾರ ಕಲಸಿಕೊಂಡು, ತೆಳುವಾಗಿ, ಇಲ್ಲವಾಯಿತು. ಇನ್ನು ಬರಲಾರಳು ಎಂದುಕೊಂಡಳು ರೇಡಿಯೋ ಅಕ್ಕ.

ಮಧ್ಯಾಹ್ನ ಒಳಕೋಣೆಯಲ್ಲಿ ಅವಳ ಪಕ್ಕಕ್ಕೆ ಯಾರೋ ಬಂದು ಕೂತರು.

“ನಿಮ್ಮ ಮೇಲೆ ಸಿಟ್ಟಿದೆ,” ಎಂದಳು ಹೊಸಬಳು.

“ಇರಬೇಕಾದ್ದೇ.”

“ಅಮ್ಮ ಹೋದ ಮೇಲೆ ಅವಳ ಬಗ್ಗೆ ಯಾರ ಹತ್ರಾನೂ ಮಾತಾಡಿಲ್ಲ ನಾನು. ಕೇಳ್ತೀರಾ?”

ರೇಡಿಯೋ ಅಕ್ಕ ಬೀಜದ ಟ್ರೇಯನ್ನು ಮೆಲ್ಲಗೆ ದೂರಕ್ಕೆ ಸರಿಸಿದಳು. ಗಾಜಿನ ಮೇಲಿನ ಬೆಳಕು ಕೆಂಪಾಗುವವರೆಗೂ ಒಬ್ಬಳು ಹೇಳುತ್ತಿದ್ದಳು, ಇನ್ನೊಬ್ಬಳು ಕೇಳುತ್ತಿದ್ದಳು.

ಮನೆಗೆ ಹೊರಟಾಗ ಹೆಂಗಸರು ಸುತ್ತುವರಿದರು. “ಅಷ್ಟು ಹೊತ್ತು ಏನಂದ್ಲು? ಏನು ಕಥೆ?”

ರೇಡಿಯೋ ಅಕ್ಕ ಚೀಲವನ್ನು ಹೆಗಲಿಗೇರಿಸಿದಳು.

“ಕತ್ತಲಾಗ್ತಾ ಬಂತು, ನಡೀರಿ,” ಎಂದಳು.