ಧಾರೆ ಹನಿಯಾಗುವ ಹೊತ್ತು

ಬಹಳ ಹಿಂದೆ, ಎಷ್ಟು ಹಿಂದೆ ಎಂದು ಕೇಳಿದರೆ ಅಜ್ಜಿಗೆ ಸಿಟ್ಟು ಬರುವಷ್ಟು ಹಿಂದೆ, ಒಬ್ಬ ತಾಯಿಗೆ ಆರು ಮಕ್ಕಳಿದ್ದರಂತೆ. ಸಾಲಾಗಿ ಕೂರಿಸಿ ಕೈತುತ್ತು ಹಾಕುವಾಗ ಅವಳು ಕೂತ ಸರದಿ ನೋಡುತ್ತಿರಲಿಲ್ಲ. ಮೊದಲನೆಯವನಿಗೆ, ಆಮೇಲೆ ಐದನೆಯವನಿಗೆ, ಆಮೇಲೆ ಮೂರನೆಯವನಿಗೆ, ಹೀಗೆ ಹಾರಿ ಹಾರಿ ಹೋಗುತ್ತಿತ್ತು ಅವಳ ಕೈ. ತುತ್ತು ಒಂದು ಚಣ ಮುಂಚೆ ಬಂದರೆ ಮಗುವಿನ ಬಾಯಿ ತೆರೆದಿರುತ್ತಿರಲಿಲ್ಲ. ಒಂದು ಚಣ ತಡವಾದರೆ ಅದು ರಂಪ ಮಾಡುತ್ತಿತ್ತು. ಲಾರಿಯ ಡೀಸೆಲ್ ಪಂಪು ಏನು ಮಾಡುತ್ತದೆಂದು ಅಪ್ಪ ವಿವರಿಸಿದ್ದನ್ನು ಕೇಳಿ ಅಜ್ಜಿ ಕಟ್ಟಿದ ಕತೆ ಅದು. ನನಗೆ ಎಂಜಿನ್ ಅರ್ಥವಾದದ್ದು ಅಷ್ಟೇ. ಅಕ್ಕ ನೀಲಾಂಬಿಕೆಗೆ ಕತೆಯೂ ಗೊತ್ತಿತ್ತು, ಎಂಜಿನ್ನೂ ಗೊತ್ತಿತ್ತು.

ಆ ವರ್ಷ ಪಂಪು ಸವೆದು ನಮ್ಮ ಲಾರಿ ಏರು ಹತ್ತದಾಯಿತು. ಅಪ್ಪ ಬೇರೊಂದು ಪಂಪು ತಂದು ಮನೆಯ ಮಗ್ಗುಲಿನ ತಗಡಿನ ಚಪ್ಪರದಡಿ ಇಟ್ಟ ದಿನವೇ ಅಕ್ಕ ಸ್ಟೇರಿಂಗ್ ಕೇಳಿದಳು. ಲೈಸೆನ್ಸ್ ಬಂದು ವರ್ಷವಾಗಿತ್ತು. ಆದರೆ ಕೇಳಿದ್ದು ಅದಕ್ಕಲ್ಲ. ಅಪ್ಪ ಒಮ್ಮೆ ಸೇತುವೆಯ ಕಟ್ಟೆಗೆ, ಇನ್ನೊಮ್ಮೆ ನಿಂತ ಟ್ರ್ಯಾಕ್ಟರಿಗೆ ಲಾರಿಯನ್ನು ಸವರಿಕೊಂಡು ಬಂದಿದ್ದ. ಅವನ ಕಣ್ಣು ಮಂದವಾಗಿದೆಯೆಂದು ಮನೆಯಲ್ಲಿ ಎಲ್ಲರಿಗೂ ಗೊತ್ತಿತ್ತು, ಯಾರೂ ಬಾಯಿಬಿಟ್ಟಿರಲಿಲ್ಲ.

ಅಪ್ಪ ಆ ಪಂಪನ್ನು ಅವಳತ್ತ ಸರಿಸಿದ. "ಪಂಪ್ ನೀ ಒಬ್ಬಾಕಿನ ಕೂಡ್ಸು. ಗಾಡಿ ಚಾಲೂ ಆತಂದ್ರ ಸ್ಟೇರಿಂಗ್ ನಿಂದು. ಆಗ್ಲಿಲ್ಲಂದ್ರ ಈ ಮಾತು ಮತ್ತ ಎತ್ತಬ್ಯಾಡ" ಎಂದ.

ಮರುದಿನ ಬೆಳಿಗ್ಗೆ ಅಕ್ಕ ಹಳೆಯ ಪಂಪು ಬಿಚ್ಚಿದಳು. ಬಿಚ್ಚುವ ಮೊದಲು, ಅದರ ಮೈಯ ಗೆರೆಗೆ ಸರಿಯಾಗಿ ಎಂಜಿನ್ನಿನ ಮೇಲೂ ಉಳಿಯಿಂದ ಒಂದು ಗೆರೆ ಕೊರೆದಳು. ಹೊಸ ಪಂಪಿನ ಮೇಲೂ ಅಂಥದೇ ಗೆರೆಯಿತ್ತು. ಎರಡನ್ನೂ ಕೂಡಿಸಿ ಬೋಲ್ಟು ಬಿಗಿದರೆ ತುತ್ತು ಸರಿಯಾದ ಹೊತ್ತಿಗೆ ಬಾಯಿಗೆ ಬೀಳುತ್ತದೆಂದು ನನಗೆ ಹೇಳಿ, ರೊಟ್ಟಿ ತಿನ್ನಲು ಒಳಗೆ ಹೋದಳು.

ನಾನು ಡ್ರಮ್ಮಿನ ಮೇಲೆ ಕೂತು ಆ ಆರು ಮಕ್ಕಳಿಗೆ ಹೆಸರಿಡುತ್ತಿದ್ದೆ. ಅಪ್ಪ ಬಂದ. ಎಂಜಿನ್ನಿನ ಅಂಚಿನಗುಂಟ ಬೆರಳಾಡಿಸಿ ಒಂದು ಕಡೆ ನಿಂತು, ಅಂಗಿಯ ಜೇಬಿನಿಂದ ಪುಟ್ಟ ಅರ ತೆಗೆದು ನಾಲ್ಕು ಸಲ ತೀಡಿದ. ಏನೋ ನಯ ಮಾಡುತ್ತಿದ್ದಾನೆ ಅಂದುಕೊಂಡೆ. ನನ್ನತ್ತ ಒಮ್ಮೆ ನೋಡಿ, ಹೊಸ್ತಿಲಿಗೆ ಹೋಗಿ ತಾಡಪತ್ರಿಯ ಹಗ್ಗ ಸುತ್ತುತ್ತ ಕೂತ.

ಅಕ್ಕ ಬಂದು ಗೆರೆ ಹುಡುಕಿದಳು. ಗೆರೆಯಿದ್ದ ಜಾಗ ಬೆಳ್ಳಗೆ ಮಿಂಚುತ್ತಿತ್ತು. ಯಾರು ಬಂದಿದ್ದರೆಂದು ನನ್ನನ್ನು ಕೇಳಿದಳು. ಹೊಸ್ತಿಲಲ್ಲಿ ಹಗ್ಗ ಸುತ್ತುವ ಕೈ ನಿಂತಿತು. ಯಾರೂ ಬಂದಿಲ್ಲ ಎಂದೆ.

"ಹಂಗಾರ ಕಾಗಿ ಬಂದು ಅರ ಆಡಿಸಿ ಹೋಗಿರಬೇಕು" ಎಂದಳು ಅಕ್ಕ, ನನ್ನ ಮುಖ ನೋಡದೆ.

ಗೆರೆಯಿಲ್ಲದೆಯೂ ಪಂಪು ಕೂರಿಸುವ ದಾರಿಯೊಂದಿತ್ತು. ಅಪ್ಪನೇ ಅವಳಿಗೆ ಕಲಿಸಿದ್ದು. ಎಂಜಿನ್ನನ್ನು ಅದರ ದೊಡ್ಡ ಚಕ್ರದ ಗುರುತಿಗೆ ತಂದು ನಿಲ್ಲಿಸಿ, ಪಂಪಿನ ಮೊದಲ ಬಾಯಿಗೆ ಬಾಗಿದ ಕೊಳವೆ ಸಿಕ್ಕಿಸಿ, ಪಂಪನ್ನು ಕೂದಲೆಳೆಯಷ್ಟೇ ತಿರುಗಿಸುತ್ತ ಹೋಗಬೇಕು. ಕೊಳವೆಯಿಂದ ಬೀಳುವ ಡೀಸೆಲ್ ಧಾರೆ ಕಡಿದು ಹನಿಹನಿಯಾದಾಗ ತಡೆಯಬೇಕು. ತಾಯಿಯ ಕೈ ಮೊದಲ ಮಗುವಿನ ತುಟಿ ಮುಟ್ಟುವುದು ಆಗಲೇ. ಆದರೆ ಒಬ್ಬರು ತಿರುಗಿಸಬೇಕು, ಒಬ್ಬರು ಹನಿ ನೋಡಬೇಕು. ನನ್ನನ್ನು ಕರೆಯುತ್ತಾಳೆ ಎಂದುಕೊಂಡು ನಾನು ಡ್ರಮ್ಮಿನಿಂದಿಳಿದೆ.

"ಅಪ್ಪಾ, ಹನಿ ನೋಡಾಕ ಬಾ" ಎಂದಳು.

ಅವನು ಬಂದು ಕುಕ್ಕರಗಾಲಲ್ಲಿ ಕೂತ. ಅಕ್ಕ ಪಂಪು ತಿರುಗಿಸಿದಳು. ಧಾರೆ ಸಣ್ಣದಾಯಿತು, ಕಡಿಯಿತು, ಒಂದು ಹನಿ ಬಿತ್ತು, ಇನ್ನೊಂದು ಬಿತ್ತು, ಆಮೇಲೆ ಅದೂ ನಿಂತಿತು. ಅವನು ನಿಲ್ಲು ಎನ್ನಲಿಲ್ಲ. ಅವಳು ಪಂಪನ್ನು ಹಿಂದಕ್ಕೆ ತಂದು ಮತ್ತೆ ತಿರುಗಿಸಿದಳು. ಅವನು ಮುಖವನ್ನು ಕೊಳವೆಗೆ ತಾಗುವಷ್ಟು ಹತ್ತಿರ ಒಯ್ದ.

"ನನಗ ಕಾಣಂಗಿಲ್ಲ, ನೀಲಾ" ಎಂದ.

ಒಳಗೆ ಅಜ್ಜಿಯ ಬೀಸುಕಲ್ಲು ನಿಂತಿತು. ಅಕ್ಕ ಕೈಯೊರೆಸಿಕೊಂಡು, ಅವನ ಜಾಗಕ್ಕೆ ತಾನು ಬಂದು ಕೂತಳು.

"ಹಂಗಾರ ನೀ ತಿರುವು. ನಾ ನೋಡ್ತೀನಿ."

"ಒಬ್ಬಾಕಿನ ಮಾಡು ಅಂದಿದ್ದೆ."

"ಅಂದಿದ್ದಿ."

ಅವನು ಎರಡೂ ಕೈಯಿಂದ ಪಂಪು ಹಿಡಿದ. ಬೇಕೆಂದಿದ್ದರೆ ಬೆರಳಿನ ಒಂದು ಒತ್ತಿಗೆ ಎಲ್ಲವನ್ನೂ ಕೆಡಿಸಬಹುದಿತ್ತು. ನಾನು ಅವನ ಕೈಯನ್ನೇ ನೋಡುತ್ತ ನಿಂತಿದ್ದೆ. ಅಕ್ಕ "ತಡಿ" ಎನ್ನುವ ಮೊದಲೇ ಆ ಕೈ ತಡೆಯಿತು. ಹನಿ ಮೆಲ್ಲಗೆ ತುಂಬಿಕೊಂಡು ತೂಗಿ, ಬಿತ್ತು. ಅವನು ಹಿಡಿದುಕೊಂಡೇ ಇದ್ದ, ಅವಳು ಬೋಲ್ಟುಗಳನ್ನು ಒಂದೊಂದಾಗಿ ಬಿಗಿದಳು.

ಕೊಳವೆಗಳನ್ನು ಜೋಡಿಸಿ ಅವುಗಳೊಳಗಿನ ಗಾಳಿ ತೆಗೆಯುವ ಹೊತ್ತಿಗೆ ಬಿಸಿಲು ಇಳಿದಿತ್ತು. ಅಕ್ಕ ಬಲಗಡೆಯಿಂದ ಹತ್ತಿ ಕೀಲಿ ತಿರುಗಿಸಿದಳು. ಲಾರಿ ಎರಡು ಸಲ ಕೆಮ್ಮಿ ಬಿಳಿ ಹೊಗೆ ಉಗುಳಿತು. ಮೂರನೆಯ ಸಲಕ್ಕೆ ಹತ್ತಿಕೊಂಡಿತು. ಚಪ್ಪರದ ತಗಡು ನಡುಗತೊಡಗಿತು.

ಅಪ್ಪ ಎಂಜಿನ್ನಿನ ಸದ್ದನ್ನು ಸ್ವಲ್ಪ ಹೊತ್ತು ಆಲಿಸಿದ. ಆಮೇಲೆ ಮುಂಭಾಗ ಸುತ್ತಿ ಎಡಗಡೆಯ ಬಾಗಿಲಿಗೆ ಹೋದ. ಅಷ್ಟು ವರ್ಷಗಳಲ್ಲಿ ಆ ಬಾಗಿಲನ್ನು ಅವನು ಹೊರಗಿನಿಂದ ತೆರೆದವನಲ್ಲ. ಅದರ ಹಿಡಿಕೆಯನ್ನು ಮೊದಲು ಮೇಲೆತ್ತಿ ಆಮೇಲೆ ಎಳೆಯಬೇಕೆಂದು ಅವನಿಗೆ ತಿಳಿದಿರಲಿಲ್ಲ. ಎಳೆದ, ಮತ್ತೆ ಎಳೆದ, ಹಿಡಿಕೆಯನ್ನು ಬೆರಳಿನಿಂದ ತಡವುತ್ತ ನಿಂತ. ಅಕ್ಕ ಸೀಟಿನ ಉದ್ದಕ್ಕೂ ಬಾಗಿ, ಒಳಗಿನಿಂದ ಬಾಗಿಲು ತೆರೆದಳು.